ಮೂಡಲ ಬಾಗಿಲ ಓಲೆಗರಿ: 17ನೆಯ ಶತಮಾನದ ಕೊನೆಗೆ ಕೋಲಾರ ಸೀಮೆಯಲ್ಲಿ ಕಾವ್ಯ ನಡೆದ ದಾರಿ

ಶಾಲಿವಾಹನ ಶಕ 1609, ಪ್ರಭವ ಸಂವತ್ಸರ. ಈಗಿನ ಲೆಕ್ಕದಲ್ಲಿ 1687–88. ಆ ವರ್ಷದ ಜುಲೈನಲ್ಲಿ ಮೊಗಲ್ ಸರದಾರ ಖಾಸಿಂ ಖಾನ್ ಬೆಂಗಳೂರು ಕೋಟೆಯನ್ನು ಹಿಡಿದ. ಕೋಟೆ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಬೆಂಗಳೂರಿಗೆ ಮೂಡಲಿಗಿದ್ದ ಹೊಸಕೋಟೆ, ಕೋಲಾರ ಪರಗಣಗಳು ಮೈಸೂರಿಗೆ ಸೇರಲಿಲ್ಲ, ಮೊಗಲರ ಸಿರಾ ಸುಬೆಗೆ ಸೇರಿದವು. ಅವು ಮೈಸೂರಿನ ಆಳ್ವಿಕೆಗೆ ಬರುವುದಕ್ಕೆ ಹೈದರಾಲಿಯ ಕಾಲದವರೆಗೆ ಕಾಯಬೇಕಾಯಿತು.

ರಾಜ್ಯಗಳ ಈ ಗಡಿಗೆರೆ ನಮ್ಮ ಸಾಹಿತ್ಯ ಚರಿತ್ರೆಯ ಮೇಲೂ ಹಾಗೆಯೇ ಬಿದ್ದಿದೆ. 17ನೆಯ ಶತಮಾನದ ಕೊನೆಯ ಕಾಲು ಭಾಗ ಎಂದರೆ ಕನ್ನಡ ವಿದ್ಯಾರ್ಥಿಯ ಮನಸ್ಸು ಸೀದಾ ಶ್ರೀರಂಗಪಟ್ಟಣಕ್ಕೆ ಹೋಗುತ್ತದೆ. ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ತಿಮ್ಮಕವಿ, ಸಂಚಿ ಹೊನ್ನಮ್ಮ, ಶೃಂಗಾರಮ್ಮ ಎಲ್ಲರೂ ಅಲ್ಲಿಯವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಆ ಅಧ್ಯಾಯದಲ್ಲಿ ಬರುವುದೇ ಇಲ್ಲ. ಕೃತಿ ಎಲ್ಲಿ ಹುಟ್ಟಿತು ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟರೆ ಉತ್ತರ ಹೀಗೆಯೇ ಬರುತ್ತದೆ. ಅದನ್ನು ಯಾರು ಓದಿಸಿದರು, ಯಾರು ಪ್ರತಿ ಮಾಡಿದರು, ಯಾವ ಲಿಪಿಯಲ್ಲಿ ಬರೆದಿಟ್ಟರು ಎಂದು ಕೇಳಿದರೆ ಈ ನಾಲ್ಕು ತಾಲ್ಲೂಕುಗಳು ಚರಿತ್ರೆಯೊಳಕ್ಕೆ ಬರುತ್ತವೆ. ಈ ಟಿಪ್ಪಣಿಯ ವಾದ ಇದು. ಆ ಕಾಲದ ಕಾವ್ಯವನ್ನು ಕವಿಯ ಊರಿನಿಂದ ಅಳೆದರೆ ಸಾಲದು, ಪ್ರತಿಯ ಊರಿನಿಂದಲೂ ಅಳೆಯಬೇಕು.

ಮೊದಲು 'ಪ್ರಕಟಣೆ' ಎಂಬ ಮಾತು. 1667ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಜಾನ್ ಮಿಲ್ಟನ್ ತನ್ನ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯವನ್ನು ಸ್ಯಾಮ್ಯುಯೆಲ್ ಸಿಮನ್ಸ್ ಎಂಬ ಮುದ್ರಕನಿಗೆ ಒಪ್ಪಿಸಿ ಕರಾರು ಮಾಡಿಕೊಂಡ. ಕೈಗೆ ಐದು ಪೌಂಡ್, ಮೊದಲ 1300 ಪ್ರತಿ ಖರ್ಚಾದ ಮೇಲೆ ಇನ್ನೈದು. ಮೂವತ್ತು ವರ್ಷ ಕಳೆದು 1697ರಲ್ಲಿ ಡ್ರೈಡನ್ನನ ವರ್ಜಿಲ್ ಅನುವಾದಕ್ಕೆ ಜೇಕಬ್ ಟಾನ್ಸನ್ ಎಂಬ ಪ್ರಕಾಶಕ ಚಂದಾದಾರರನ್ನು ಮುಂಗಡವಾಗಿ ಕೂಡಿಸಿದ. ನಮ್ಮಲ್ಲಿ ಗೋವೆಗೆ ಅಚ್ಚಿನ ಯಂತ್ರ 1556ರಲ್ಲೇ ಬಂದಿತ್ತು, ಆದರೆ ಕನ್ನಡದ ಮೊಳೆ ಬೀಳುವುದಕ್ಕೆ 19ನೆಯ ಶತಮಾನ ಬರಬೇಕಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಚಿಕ್ಕದೇವರಾಜರ ಆಸ್ಥಾನ ಕವಿಗಳಿಗೂ ಕನ್ನಡದ ಅಚ್ಚುಮೊಳೆಗೂ ನಡುವೆ ನೂರು ವರ್ಷ ಮೀರಿದ ಅಂತರವಿದೆ.

ಅಚ್ಚಿಲ್ಲದಿದ್ದರೂ ಲೆಕ್ಕವಿತ್ತು. ಮೂವತ್ತೆರಡು ಅಕ್ಷರಕ್ಕೆ ಒಂದು 'ಗ್ರಂಥ' ಎಂಬುದು ಲಿಪಿಕಾರರ ಅಳತೆ. ಎರಡು ಸಾವಿರ ಗ್ರಂಥದ ಕಾವ್ಯವೆಂದರೆ ಅರವತ್ತನಾಲ್ಕು ಸಾವಿರ ಅಕ್ಷರ. ಬರೆದವನ ಕೂಲಿ ಈ ಎಣಿಕೆಯ ಮೇಲೆ. ಗದ್ಯವಾಗಲಿ ಪದ್ಯವಾಗಲಿ ಅಳತೆ ಒಂದೇ. ಲಂಡನ್ನಿನ ಮುದ್ರಕ ಪ್ರತಿಗಳನ್ನು ಎಣಿಸುತ್ತಿದ್ದ, ನಮ್ಮ ಲಿಪಿಕಾರ ಅಕ್ಷರಗಳನ್ನು ಎಣಿಸುತ್ತಿದ್ದ. ಒಂದು ಕಾವ್ಯ ಹತ್ತು ಊರಿಗೆ ಹೋಗಬೇಕಾದರೆ ಹತ್ತು ಜನ ಅದನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕೈಯಾರೆ ಕೊರೆಯಬೇಕಿತ್ತು. ಆ ಶ್ರಮಕ್ಕೆ ತಕ್ಕ ಕಾರಣವಿದ್ದರೆ ಮಾತ್ರ ಕಾವ್ಯ ಉಳಿಯುತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಆ ಕಾರಣವನ್ನು ಅರಮನೆಯೇ ಒದಗಿಸಿತು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದದ್ದು 1673ರಲ್ಲಿ, ತೀರಿಕೊಂಡದ್ದು 1704ರಲ್ಲಿ. ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ, ಅಂದರೆ ಅಠಾರಾ ಕಚೇರಿಯಾಗಿ, ಹಂಚಿದ ಈ ಅರಸರ ಕಾಲದಲ್ಲಿ ಸಾಹಿತ್ಯವೂ ಒಂದು ಕಚೇರಿಯ ಹಾಗೆಯೇ ನಡೆಯಿತು ಎನ್ನಬಹುದು. ತಿಮ್ಮಕವಿಯ 'ಯಾದವಗಿರಿ ಮಾಹಾತ್ಮ್ಯ' 1677ರದು. ಮಲ್ಲಿಕಾರ್ಜುನನ 'ಶ್ರೀರಂಗ ಮಾಹಾತ್ಮ್ಯ' 1678ರದು. ಚಿಕುಪಾಧ್ಯಾಯನ 'ಹಸ್ತಿಗಿರಿ ಮಾಹಾತ್ಮ್ಯ' 1679ರದು, 'ಕಮಲಾಚಲ ಮಾಹಾತ್ಮ್ಯ' 1680ರದು, 'ರುಕ್ಮಾಂಗದ ಚರಿತೆ' 1681ರದು. ಇಷ್ಟು ಒತ್ತಾಗಿ, ವರ್ಷಕ್ಕೊಂದರಂತೆ ಕೃತಿಗಳು ಹೊರಬಂದದ್ದು ಕವಿಗಳ ಸ್ಫೂರ್ತಿಯೊಂದರಿಂದ ಆದ ಕೆಲಸವಲ್ಲ. ಹಿಂದೆ ಒಂದು ಯೋಜನೆಯಿತ್ತು. ಮಂತ್ರಿಪದವಿಯಲ್ಲಿದ್ದ ಚಿಕುಪಾಧ್ಯಾಯನ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಕೃತಿಗಳಿವೆ ಎಂಬುದನ್ನು ನೆನೆದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ.

ಅದೇ ಚಿಕುಪಾಧ್ಯಾಯ ವಿಷ್ಣುಪುರಾಣವನ್ನು ಚಂಪುವಿನಲ್ಲೂ ತಂದಿದ್ದಾನೆ, ಗದ್ಯದಲ್ಲೂ ತಂದಿದ್ದಾನೆ. ಒಬ್ಬನೇ ಲೇಖಕ ಒಂದೇ ಪುರಾಣವನ್ನು ಎರಡು ಸಲ ಏಕೆ ಬರೆದ? ನನಗೆ ಇದು ಆ ಕಾಲದ ಪ್ರಕಟಣೆಯ ಗುಟ್ಟನ್ನು ಬಿಡಿಸುವ ಪ್ರಶ್ನೆಯಾಗಿ ಕಾಣುತ್ತದೆ. ಚಂಪು ಪಂಡಿತರ ಸಭೆಗೆ. ವೃತ್ತ, ಕಂದಗಳ ಬಿಗಿಯನ್ನು ಮೆಚ್ಚಿ ತಲೆದೂಗುವ ಕೆಲವರಿಗೆ ಮೀಸಲು. ಗದ್ಯ ದೇವಸ್ಥಾನದ ಕೈಸಾಲೆಯಲ್ಲಿ ಪುರಾಣ ಹೇಳುವವನಿಗೆ, ಕೇಳಿ ಅರ್ಥಮಾಡಿಕೊಳ್ಳುವ ಸಾಮಾನ್ಯ ಭಕ್ತರಿಗೆ. ಹಾಡಿಕೊಳ್ಳುವವರಿಗೆ ಸಾಂಗತ್ಯವಂತೂ ಇದ್ದೇ ಇತ್ತು. ಈಗಿನ ಪ್ರಕಾಶಕರು ದಪ್ಪ ರಟ್ಟಿನ ಪ್ರತಿ, ಅಗ್ಗದ ಪ್ರತಿ ಎಂದು ಬೇರೆ ಬೇರೆ ಮಾಡುತ್ತಾರಲ್ಲ, ಆಗ ಆ ಭೇದವನ್ನು ಛಂದಸ್ಸೇ ಮಾಡುತ್ತಿತ್ತು.

ಸಾಂಗತ್ಯದ ಮಾತು ಬಂದಾಗ ಹೊನ್ನಮ್ಮನ ಬಳಿ ನಿಲ್ಲದೆ ಮುಂದೆ ಹೋಗಲಾಗದು. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗ ಆಕೆಯದು. ಹೆಸರಿಗೂ ಅದೇ ಅಂಟಿಕೊಂಡಿತು. 'ಹದಿಬದೆಯ ಧರ್ಮ' ಒಂಬತ್ತು ಸಂಧಿಗಳ ಕಾವ್ಯ. ತನಗೆ ವಿದ್ಯೆ ಕಲಿಸಿದ ಅಳಸಿಂಗರಾರ್ಯನನ್ನು ಆಕೆ ನೆನೆಯುತ್ತಾಳೆ, ದೊರೆಯ ಆಜ್ಞೆಯನ್ನೂ ನೆನೆಯುತ್ತಾಳೆ. ಸಂಚಿಯ ಊಳಿಗದವಳೊಬ್ಬಳು ಸಭೆಯ ಮುಂದೆ ಕವಿಯಾಗಿ ನಿಲ್ಲಬೇಕಾದರೆ ಗುರುವಿನ ಮಾತು ಬೇಕು, ಅರಸನ ಒಪ್ಪಿಗೆ ಬೇಕು. ಆಕೆ ಎರಡನ್ನೂ ಕಾವ್ಯದ ಮೊದಲಲ್ಲೇ ದಾಖಲಿಸಿಟ್ಟಿದ್ದಾಳೆ. ಅಚ್ಚಿನ ಪುಸ್ತಕಕ್ಕೆ ಮುಖಪುಟ, ಮುನ್ನುಡಿ, ಪರವಾನಗಿ ಏನು ಮಾಡುತ್ತವೋ ಆ ಎಲ್ಲ ಕೆಲಸವನ್ನು ಈ ಪೀಠಿಕೆ ಪದ್ಯಗಳು ಮಾಡುತ್ತವೆ. ಹೆಣ್ಣನ್ನು ಕೀಳಾಗಿ ಕಾಣುವವರನ್ನು ಆಕೆ ನೇರವಾಗಿ ಪ್ರಶ್ನಿಸುವ ಪದ್ಯಗಳು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆ ಪ್ರಶ್ನೆ ಮುನ್ನೂರು ವರ್ಷ ದಾಟಿ ಬಂದದ್ದು ಸಾಂಗತ್ಯದ ನಾಲ್ಕು ಸಾಲಿನ ಬಲದಿಂದ. ಹಾಡಲು ಬಂದದ್ದು ಓಲೆ ಕೆಟ್ಟರೂ ನಾಲಿಗೆಯಲ್ಲಿ ಉಳಿಯುತ್ತದೆ.

ಆಸ್ಥಾನದ ಉಳಿದ ಕೃತಿಗಳನ್ನು ಇಲ್ಲಿ ವಿವರವಾಗಿ ನೋಡುವುದಿಲ್ಲ. ತಿರುಮಲಾರ್ಯನ 'ಅಪ್ರತಿಮವೀರಚರಿತೆ' ಅಲಂಕಾರ ಶಾಸ್ತ್ರದ ಗ್ರಂಥ, ಅದರ ಉದಾಹರಣೆಯ ಪದ್ಯಗಳು ದೊರೆಯ ಸ್ತುತಿಗೆ ಮೀಸಲು. ಶಾಸ್ತ್ರ ಕಲಿಯುವ ಹುಡುಗ ಅರಸನ ಕೀರ್ತಿಯನ್ನೂ ಬಾಯಿಪಾಠ ಮಾಡಲೇಬೇಕು. ಕೀರ್ತಿಯನ್ನು ಊರೂರಿಗೆ ಮುಟ್ಟಿಸುವುದಕ್ಕೆ ಇದಕ್ಕಿಂತ ಜಾಣ ದಾರಿ ಇರಲಾರದು. ಅವನ ತಮ್ಮ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ' ಹರ್ಷನ 'ರತ್ನಾವಳಿ'ಯ ರೂಪಾಂತರ. ನಮಗೆ ದೊರೆತಿರುವ ಕನ್ನಡದ ಮೊದಲ ನಾಟಕವೆಂಬ ಸ್ಥಾನ ಅದಕ್ಕೆ ಸಂದಿದೆ.

ಈಗ ಕೋಲಾರದ ಕಡೆಗೆ ಬರೋಣ. ವಿಜಯನಗರದ ಆಳ್ವಿಕೆ ಸಡಿಲಿದ ಮೇಲೆ ಈ ಸೀಮೆಯಲ್ಲಿ ತಲೆಯೆತ್ತಿದವರು ಸುಗಟೂರಿನ ತಮ್ಮೇಗೌಡರು. ಸುಗಟೂರು ಇಂದಿನ ಕೋಲಾರ ತಾಲ್ಲೂಕಿನ ಊರು. ಹೊಸಕೋಟೆಯ ಕೋಟೆ ಅವರು ಕಟ್ಟಿದ್ದು. ಆ ಮನೆತನದ ಮುಮ್ಮಡಿ ತಮ್ಮಭೂಪಾಲನ ಹೆಸರಿನಲ್ಲಿ ಕನ್ನಡದ 'ಶಂಕರಸಂಹಿತೆ' ಇದೆ. ಪಾಳೆಯಗಾರನೊಬ್ಬ ಕವಿಯೂ ಆಗಿದ್ದ ಎಂಬುದು ಈ ಸೀಮೆಯ ಓದುಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. 1638ರ ಹೊತ್ತಿಗೆ ಬಿಜಾಪುರದ ರಣದುಲ್ಲಾ ಖಾನನ ದಂಡು ಇತ್ತ ಬಂತು. ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರಗಳು ಶಹಾಜಿ ಭೋಂಸಲೆಯ ಜಹಗೀರಾದವು. ಅಲ್ಲಿಂದ ಮುಂದೆ ಕೋಲಾರ ಸೀಮೆಗೆ ಹತ್ತಿರದ ಆಸ್ಥಾನ ಎಂದರೆ ಬೆಂಗಳೂರಿನ ಮರಾಠಾ ಆಸ್ಥಾನ.

ಆ ಆಸ್ಥಾನದ ಕಾವ್ಯಜೀವನಕ್ಕೆ ಒಂದು ಗಟ್ಟಿ ಸಾಕ್ಷಿಯಿದೆ. ಜಯರಾಮ ಪಿಂಡ್ಯೆ ಎಂಬ ಕವಿಯ 'ರಾಧಾಮಾಧವವಿಲಾಸ ಚಂಪು'. ಶಹಾಜಿಯ ಸಭೆಗೆ ಬಂದ ನಾನಾ ಭಾಷೆಯ ಕವಿಗಳನ್ನು ಅದು ಚಿತ್ರಿಸುತ್ತದೆ. ಜಯರಾಮ ತಾನು ಹನ್ನೆರಡು ಭಾಷೆಗಳಲ್ಲಿ ಪದ್ಯ ಕಟ್ಟಬಲ್ಲೆನೆಂದು ಎಣಿಸುವಾಗ ಆ ಪಟ್ಟಿಯಲ್ಲಿ ಕರ್ಣಾಟಕ ಭಾಷೆಯೂ ಇದೆ. ಇತಿಹಾಸಕಾರ ವಿ. ಕಾ. ರಾಜವಾಡೆ ಈ ಕೃತಿಯನ್ನು 1922ರಲ್ಲಿ ಅಚ್ಚಿಗೆ ತಂದರು. ಮರಾಠಿ ವಿದ್ವಾಂಸರು ಅದನ್ನು ಶಹಾಜಿಯ ಚರಿತ್ರೆಗಾಗಿ ಓದಿದ್ದಾರೆ. ನಾವು ಅದನ್ನು ಬೆಂಗಳೂರು–ಕೋಲಾರ ಸೀಮೆಯ ಸಾಹಿತ್ಯ ಚರಿತ್ರೆಯ ಆಕರವಾಗಿ ಓದಬೇಕು. ಶ್ರೀರಂಗಪಟ್ಟಣದಲ್ಲಿ ಸಂಸ್ಕೃತದಿಂದ ಕನ್ನಡಕ್ಕೆ ತರುವ ಕೆಲಸ ನಡೆಯಿತು, ಬೆಂಗಳೂರಿನಲ್ಲಿ ಹಲವು ಭಾಷೆಗಳು ಒಂದೇ ಚಾವಡಿಯಲ್ಲಿ ಪಂಥ ಕಟ್ಟಿ ನಿಂತವು. ಕೋಲಾರ ಸೀಮೆಯ ಸ್ವಭಾವಕ್ಕೆ ಎರಡನೆಯದೇ ಹತ್ತಿರ.

ಶಹಾಜಿ 1664ರಲ್ಲಿ ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿ ತೀರಿಕೊಂಡ. ಮಗ ಏಕೋಜಿ ಒಂದು ದಶಕದ ನಂತರ ತಂಜಾವೂರನ್ನು ಹಿಡಿದು ಅಲ್ಲಿಗೇ ಹೋಗಿ ನೆಲೆಸಿದ. ಏಕೋಜಿಯ ಮಗ, ಇನ್ನೊಬ್ಬ ಶಹಾಜಿ, 1684ರಿಂದ ತಂಜಾವೂರನ್ನು ಆಳಿದ; ಸ್ವತಃ ಕವಿ. ಅವನ ಹೆಸರಿನ 'ಪಂಚಭಾಷಾವಿಲಾಸ' ನಾಟಕದಲ್ಲಿ ಸಂಸ್ಕೃತ, ತಮಿಳು, ತೆಲುಗು, ಮರಾಠಿ, ಹಿಂದಿ ಮಾತನಾಡುತ್ತವೆ. ಕನ್ನಡ ಇಲ್ಲ. ತಾತನ ಬೆಂಗಳೂರಿನ ಪಟ್ಟಿಯಲ್ಲಿದ್ದ ಭಾಷೆ ಮೊಮ್ಮಗನ ತಂಜಾವೂರಿನ ಪಟ್ಟಿಯಿಂದ ಜಾರಿತು. ಅದಕ್ಕೆ ಕಾರಣ ಭೂಗೋಳವೇ. ಆಸ್ಥಾನ ಘಟ್ಟ ಇಳಿದು ಹೋಯಿತು. ಕನ್ನಡ ಓದುವ ಕುಳಗಳು ಮೇಲೇ ಉಳಿದವು. ಹೀಗೆ ಕೋಲಾರ ಸೀಮೆಗೆ ತೆಂಕಣ ಆಸ್ಥಾನ ದೂರವಾಯಿತು, ಪಡುವಣ ಆಸ್ಥಾನ ಗಡಿಯಾಚೆ ಉಳಿಯಿತು, 1687ರ ನಂತರ ಬಂದ ಸಿರಾದ ಫೌಜುದಾರರ ಕಾಗದಪತ್ರ ಪಾರಸಿಯಲ್ಲಿ ನಡೆಯಿತು. ಇಂಥ ಸೀಮೆಯಲ್ಲಿ ಕಾವ್ಯಕ್ಕೆ ಆಸರೆ ಯಾವುದು? ದೇವಸ್ಥಾನ, ಮಠ, ಶಾನುಭೋಗರ ಮನೆ, ದಾರಿ.

ದಾರಿಯ ಮಾತನ್ನು ಮೊದಲು ಹೇಳುತ್ತೇನೆ. ಮುಳಬಾಗಿಲು ಎಂದರೆ ಮೂಡಣ ಬಾಗಿಲು ಎಂದು ಹಿರಿಯರು ಅರ್ಥ ಹೇಳುತ್ತಾರೆ. ಮೈಸೂರು ನಾಡಿನಿಂದ ತಿರುಪತಿಗೆ ಹೋಗುವ ಯಾತ್ರಿಕರ ದಾರಿ ಇದು. ಮಾಲೂರು ತಾಲ್ಲೂಕಿನಲ್ಲಿ ಚಿಕ್ಕತಿರುಪತಿ ಇದೆ, ಗುಟ್ಟಹಳ್ಳಿಯಲ್ಲಿ ಬಂಗಾರು ತಿರುಪತಿ ಇದೆ. ತಿಮ್ಮಪ್ಪನ ಭಕ್ತಿ ಈ ಸೀಮೆಯ ಮಣ್ಣಿಗೇ ಹತ್ತಿದೆ. ಈಗ ಶ್ರೀರಂಗಪಟ್ಟಣದ ಪಟ್ಟಿಯನ್ನು ಮತ್ತೆ ನೋಡಿ. ತಿಮ್ಮಕವಿಯ 'ವೆಂಕಟಗಿರಿ ಮಾಹಾತ್ಮ್ಯ' ತಿರುಪತಿಯ ಸ್ಥಳಪುರಾಣ. ಸುಮಾರು 1685ರ ಶೃಂಗಾರಮ್ಮನ 'ಪದ್ಮಿನೀ ಕಲ್ಯಾಣ' ವೆಂಕಟೇಶನ ಮದುವೆಯ ಕಥೆ, ಅದೂ ಸಾಂಗತ್ಯದಲ್ಲಿ. ಸ್ಥಳಮಾಹಾತ್ಮ್ಯ ಎಂಬ ಪ್ರಕಾರದ ಗುಣವೇ ಯಾತ್ರೆ. ಅದನ್ನು ಬರೆಸುವುದು ಆಸ್ಥಾನವಾದರೂ ಬಾಳಿಸುವುದು ದಾರಿಹೋಕರು. ಪದ್ಮಾವತಿಯ ಮದುವೆಯ ಹಾಡಿಗೆ ಶ್ರೀರಂಗಪಟ್ಟಣದ ಅಂತಃಪುರಕ್ಕಿಂತ ಮುಳಬಾಗಿಲ ದಾರಿಯ ಛತ್ರದಲ್ಲಿ ಕೇಳುಗರು ಹೆಚ್ಚು ಎಂಬುದು ನನ್ನ ಅನಿಸಿಕೆ. ಈ ಎರಡು ಕೃತಿಗಳ ಪ್ರತಿಗಳನ್ನು ಹುಡುಕುವವರು ಮೂಡಲ ದಾರಿಯ ಊರುಗಳಿಂದಲೇ ಹೊರಡಬೇಕು ಎನ್ನುವುದಕ್ಕೆ ಅಷ್ಟು ಕಾರಣ ಸಾಕು.

ಮುಳಬಾಗಿಲಿಗೆ ಇನ್ನೊಂದು ಬಗೆಯ ಪ್ರಕಟಣೆಯೂ ಹಳೆಯ ಪರಿಚಯ. ಊರ ಹೊರಗಿನ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾಗಿರುವ ಶ್ರೀಪಾದರಾಜರು 15ನೆಯ ಶತಮಾನದಲ್ಲಿ 'ರಂಗವಿಠಲ' ಅಂಕಿತದಿಂದ ಕನ್ನಡದಲ್ಲಿ ಹಾಡಿದರು. ಅಂಕಿತವೆಂಬುದು ಎಷ್ಟು ದೊಡ್ಡ ಉಪಾಯವೆಂದು ನಾವು ನಿಂತು ಯೋಚಿಸುವುದಿಲ್ಲ. ಓಲೆಯ ಕಾವ್ಯದಲ್ಲಿ ಕವಿಯ ಹೆಸರು ಮೊದಲ ಗರಿಯಲ್ಲೋ ಕೊನೆಯ ಗರಿಯಲ್ಲೋ ಇರುತ್ತದೆ. ಕಟ್ಟಿನಲ್ಲಿ ಮೊದಲು ಸವೆಯುವವೂ ಈ ಎರಡು ಕಡೆಯ ಗರಿಗಳೇ. ದೇವರನಾಮದಲ್ಲಿ ಕರ್ತೃವಿನ ಗುರುತು ಹಾಡಿನ ಕೊನೆಯ ಚರಣದೊಳಗೇ ಹೊಲಿದಿರುತ್ತದೆ, ತೆಗೆದರೆ ಪ್ರಾಸ ಕೆಡುತ್ತದೆ, ತಾಳ ತಪ್ಪುತ್ತದೆ. 17ನೆಯ ಶತಮಾನದಲ್ಲಿ ಇದೇ ಕೆಲಸವನ್ನು ಬಿಜಾಪುರದ ಕಡೆ ಕಾಖಂಡಕಿಯ ಮಹಿಪತಿದಾಸರು ಕನ್ನಡದಲ್ಲೂ ಮರಾಠಿ, ಹಿಂದಿಗಳಲ್ಲೂ ಮಾಡುತ್ತಿದ್ದರು. ಒಂದೇ ಆದಿಲಶಾಹಿಯ ಎರಡು ತುದಿ, ಎರಡೂ ಕಡೆ ಕೇಳುಗರು ಒಂದಕ್ಕಿಂತ ಹೆಚ್ಚು ನುಡಿ ಬಲ್ಲವರು.

ಊರ ಚಾವಡಿಯ ಓದನ್ನು ಇಲ್ಲಿ ಮರೆಯಬಾರದು. ಬಯಲುಸೀಮೆಯಲ್ಲಿ ಮಳೆ ಹಿಂದೆಗೆದರೆ ವಿರಾಟಪರ್ವ ಓದಿಸುವ ವಾಡಿಕೆ ಹಿರಿಯರ ನೆನಪಿನಲ್ಲಿ ಇಂದಿಗೂ ಇದೆ. ಕೆರೆ ನಂಬಿ ಬದುಕುವ ಸೀಮೆಗೆ ಭಾರತದ ಓಲೆಯೂ ಒಂದು ಬೇಸಾಯದ ಸಾಮಾನು. ಹೀಗೆ ಓದಿಸುವುದಕ್ಕಾಗಿ ಮಾಡಿಕೊಂಡ ಪ್ರತಿಗೂ ಆಸ್ಥಾನದ ಪ್ರತಿಗೂ ವ್ಯತ್ಯಾಸವಿರುತ್ತದೆ. ಚಾವಡಿಯ ಪ್ರತಿಯ ಬಲತುದಿ ಬೆರಳ ಎಣ್ಣೆಯಿಂದ ಕಪ್ಪಾಗಿರುತ್ತದೆ. ನಡುನಡುವೆ ಯಾರೋ ಗಮಕಿ ಸಂಧಿ ಬಿಡಿಸಿಕೊಳ್ಳಲು ಗೀಚಿದ ಚಿಕ್ಕ ಗೆರೆಗಳಿರುತ್ತವೆ. ಪಾಠಶುದ್ಧಿ ಮಾಡುವ ಸಂಪಾದಕನಿಗೆ ಆ ಗೆರೆ ಅಡ್ಡಿಯೆನಿಸಬಹುದು. ಕಾವ್ಯ ಹೇಗೆ ಬಾಳಿತು ಎಂದು ಕೇಳುವವನಿಗೆ ಅದೇ ದೊಡ್ಡ ಆಸ್ತಿ.

ಗರಿಯನ್ನೇ ಒಮ್ಮೆ ಕೈಗೆತ್ತಿಕೊಳ್ಳೋಣ. ಒಂದೂವರೆ ಅಡಿ ಉದ್ದ, ಎರಡು ಬೆರಳಗಲ. ಹದ ಮಾಡಿ ಒಣಗಿಸಿದ ತಾಳೆಯೆಲೆಯ ಮೇಲೆ ಲಿಪಿಕಾರ ಕಂಟದಿಂದ ಅಕ್ಷರ ಕೊರೆದು, ಮೇಲೆ ಮಸಿ ತೀಡಿ ಒರೆಸುತ್ತಾನೆ. ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ತೂತಿನೊಳಗೆ ದಾರ, ಮೇಲೂ ಕೆಳಗೂ ಮರದ ಹಲಗೆ. ಪದಗಳ ನಡುವೆ ಬಿಡುವಿಲ್ಲ. 'ಎ'ಕಾರ 'ಏ'ಕಾರಗಳಿಗೆ, 'ಒ'ಕಾರ 'ಓ'ಕಾರಗಳಿಗೆ ಬೇರೆ ಗುರುತಿಲ್ಲ. 'ಕೊಡು' ಎಂದು ಓದಬೇಕೋ 'ಕೋಡು' ಎಂದು ಓದಬೇಕೋ ಎಂಬುದನ್ನು ಮಾತ್ರೆಯ ಲೆಕ್ಕ ಹೇಳಬೇಕು. ಆದ್ದರಿಂದ ಓಲೆಯನ್ನು ಬರಿಯ ಕಣ್ಣಿನಿಂದ ಓದಲಾಗದು. ರಾಗದಿಂದ, ತಾಳದಿಂದ ಓದಬೇಕು. ಛಂದಸ್ಸು ಗೊತ್ತಿಲ್ಲದವನಿಗೆ ಆ ಗರಿ ಬಾಯಿಬಿಡುವುದಿಲ್ಲ.

ಕೊನೆಯ ಗರಿಯಲ್ಲಿ ಪ್ರತಿ ಮುಗಿದ ಕಾಲ. 'ಪ್ರಭವ ಸಂವತ್ಸರ' ಎಂದಿದೆ ಎನ್ನಿ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುತ್ತದೆ. ಅದು 1687 ಆಗಬಹುದು, 1747 ಆಗಬಹುದು, 1807 ಕೂಡ ಆಗಬಹುದು. ಶಕವರ್ಷ ಜೊತೆಗಿದ್ದರೆ ಬದುಕಿದೆವು. ಇಲ್ಲದಿದ್ದರೆ ಮಾಸ, ಪಕ್ಷ, ತಿಥಿಗಳ ಜೊತೆಗೆ ವಾರವನ್ನು ಇಟ್ಟು ತೂಗಬೇಕು. ಮೂರು ಪ್ರಭವಗಳಲ್ಲಿ ಆ ತಿಥಿ ಯಾವುದರಲ್ಲಿ ಆ ವಾರಕ್ಕೆ ಬರುತ್ತದೋ ನೋಡಬೇಕು. ಪುಷ್ಯ, ಮಾಘ, ಫಾಲ್ಗುಣಗಳಾದರೆ ಇಸವಿಗೆ ಒಂದು ಕೂಡಿಸಬೇಕಾಗಬಹುದು, ಯುಗಾದಿಯವರೆಗೂ ಹಳೆಯ ಸಂವತ್ಸರವೇ ನಡೆಯುತ್ತಿರುತ್ತದೆ. ಈ ಎಚ್ಚರ ತಪ್ಪಿ ಪ್ರತಿಯೊಂದನ್ನು ಅರವತ್ತು ವರ್ಷ ಹಿಂದೆಯೋ ಮುಂದೆಯೋ ಕೂರಿಸಿದರೆ ಸಿರಾದ ಫೌಜುದಾರರ ಕಾಲದ ಓದುಗ ಹೈದರನ ಕಾಲಕ್ಕೆ ಹೋಗಿಬಿಡುತ್ತಾನೆ.

ಕಾಲ ಸಿಕ್ಕಿತು, ಊರು? ಇಲ್ಲಿ ಕೋಲಾರ ಸೀಮೆಯ ಸಂಶೋಧಕನಿಗೆ ಒಂದಕ್ಕಿಂತ ಹೆಚ್ಚು ಗುಂಡಿಗಳಿವೆ. ಶ್ರೀನಿವಾಸಪುರ ಎಂಬ ಹೆಸರನ್ನು 17ನೆಯ ಶತಮಾನದ ಓಲೆಯಲ್ಲಿ ಹುಡುಕಿದರೆ ಸಿಗಲಾರದು. ಅದರ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕಿಟ್ಟರು. ಮುಳಬಾಗಿಲು ಶಾಸನಗಳಲ್ಲಿ ಮುಳುವಾಯಿ, ಮುಳುವಾಗಿಲು ಎಂದು ಬರುತ್ತದೆ. ಕೋಲಾರ ಕುವಳಾಲ, ಕೋಳಾಲ ಎಂದು ಬರುತ್ತದೆ. ಮಾಲೂರಿನ ತೊಡಕು ಇನ್ನೊಂದು ಬಗೆಯದು. ಚನ್ನಪಟ್ಟಣದ ಬಳಿ ಅಪ್ರಮೇಯಸ್ವಾಮಿಯ ಮಳೂರು ಇದೆ. ಶ್ರೀವೈಷ್ಣವ ಕೃತಿಯ ಪ್ರತಿಯಲ್ಲಿ ಆ ಹೆಸರು ಕಂಡ ಕೂಡಲೆ ಕೋಲಾರದ ಮಾಲೂರೆಂದು ಹಿಗ್ಗುವ ಮೊದಲು ಅಕ್ಷರವನ್ನು ಇನ್ನೊಮ್ಮೆ ನೋಡಬೇಕು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಊರ ಹೆಸರಿನ ಹಳೆಯ ರೂಪಗಳಿಗೆ ಅದು ಇಂದಿಗೂ ಮೊದಲ ಆಸರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಲಿಪಿಯದು. ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಯ ಮಾತು ತೆಲುಗು, ಊರ ಲೆಕ್ಕ ಕನ್ನಡ, ಇಲ್ಲವೇ ಇದರ ತಿರುವುಮುರುವು. ಕನ್ನಡ ಕೃತಿಯನ್ನು ತೆಲುಗು ಲಿಪಿಯಲ್ಲಿ, ತೆಲುಗು ಕೃತಿಯನ್ನು ಕನ್ನಡ ಲಿಪಿಯಲ್ಲಿ ಇಳಿಸಿಕೊಳ್ಳುವುದು ಗಡಿನಾಡಿನ ಲಿಪಿಕಾರನಿಗೆ ಸಹಜ. ಓಲೆಯ ಮೇಲೆ ಎರಡು ಲಿಪಿಗಳ ಅಂತರ ಮುಖ್ಯವಾಗಿ ತಲೆಕಟ್ಟಿನದು. ಕಂಟದ ತಿರುವಿನಲ್ಲಿ ಅದೂ ಎಷ್ಟೋ ಸಲ ಮಸುಕಾಗುತ್ತದೆ. ಸೂಚಿ ತಯಾರಿಸುವವರು ಲಿಪಿ ನೋಡಿ 'ತೆಲುಗು' ಎಂದು ಬರೆದು ಮುಂದೆ ಹೋದರೆ ಒಳಗಿನ ಕನ್ನಡ ಸಾಂಗತ್ಯ ಅಲ್ಲೇ ಮುಚ್ಚಿಹೋಗುತ್ತದೆ. ಕರ್ನಲ್ ಕಾಲಿನ್ ಮೆಕೆಂಜಿ 1799ರ ನಂತರ ಮೈಸೂರು ಸೀಮೆಯ ಸರ್ವೆ ಮಾಡುತ್ತ ಕೂಡಿಹಾಕಿಸಿದ ಹಸ್ತಪ್ರತಿಗಳಲ್ಲಿ ದೊಡ್ಡ ಪಾಲು ಇಂದು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಎರಡೂ ಲಿಪಿ ಬಲ್ಲ, ಎರಡೂ ಛಂದಸ್ಸು ಬಲ್ಲ ಕೋಲಾರದ ಕಡೆಯ ಯುವ ಸಂಶೋಧಕರು ಅಲ್ಲಿ ಕೂತು ನೋಡುವುದು ಬಹಳಷ್ಟಿದೆ. ಕೈವಾರದ ನಾರೇಯಣ ಯತೀಂದ್ರರು ಮುಂದಿನ ಶತಮಾನದಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ್ದು ಇದ್ದಕ್ಕಿದ್ದಂತೆ ಬಂದ ಅಚ್ಚರಿಯಲ್ಲ. ಅದರ ಹಿಂದೆ ಈ ಎರಡು ನುಡಿಯ ಓಲೆಗಳ ನೆಲ ಇದೆ.

ಓಲೆಯಲ್ಲದೆ ಕಡತವೂ ಇತ್ತು. ಅದು ಶಾನುಭೋಗರ ಮನೆಯ ಸಾಮಾನು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಮೈಸೂರಿನ ಇತಿಹಾಸದಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ. ಎರಡೂ ಮಗ್ಗುಲಿಗೆ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೆ ಬಣ್ಣದ ಮರದ ಹಲಗೆ ಕೂರಿಸುತ್ತಿದ್ದರು. ಬರೆಯುವುದು ಬಳಪದಿಂದ. ಸ್ಲೇಟಿನಂತೆ ಒರೆಸಬಹುದು, ಮತ್ತೆ ಬರೆಯಬಹುದು. ಕಂದಾಯದ ಲೆಕ್ಕಕ್ಕೆ ಹುಟ್ಟಿದ ಈ ಪುಸ್ತಕದಲ್ಲಿ ಹಾಡು, ಶತಕ, ಔಷಧದ ಯೋಗ, ಮನೆಯ ಜಾತಕ ಎಲ್ಲಕ್ಕೂ ಜಾಗವಿತ್ತು. ಒರೆಸಬಹುದಾದ ಗುಣವೇ ಅದರ ಶತ್ರು. ಮೊಮ್ಮಗ ತಾತನ ಪದ್ಯ ಒರೆಸಿ ರಾಗಿಯ ಲೆಕ್ಕ ಬರೆದರೆ ಅಲ್ಲಿಗೆ ಒಂದು ಕಾವ್ಯ ಮುಗಿಯಿತು. ಆದ್ದರಿಂದ ಕಡತ ಕಂಡಾಗ ಮೇಲಿನ ಲೆಕ್ಕದ ಕೆಳಗೆ ಹಳೆಯ ಗೀರಿನ ನೆರಳಿದೆಯೇ ಎಂದು ಓರೆ ಬೆಳಕಿನಲ್ಲಿ ಹಿಡಿದು ನೋಡಬೇಕು.

ಅಚ್ಚಿನ ಕಾಲಕ್ಕೆ ಬಂದಾಗ ಆಯ್ಕೆ ಮತ್ತೆ ಆಸ್ಥಾನದ ಕಡೆಗೇ ವಾಲಿತು. ಮೈಸೂರಿನಲ್ಲಿ 1891ರಲ್ಲಿ ಪ್ರಾಚ್ಯಕೋಶಾಗಾರ ಶುರುವಾಯಿತು. ಎಂ. ಎ. ರಾಮಾನುಜಯ್ಯಂಗಾರ್ಯರು 'ಕರ್ಣಾಟಕ ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಮಾಲೆಗಳಲ್ಲಿ ಚಿಕ್ಕದೇವರಾಜರ ಕಾಲದ ಕೃತಿಗಳನ್ನು ಒಂದೊಂದಾಗಿ ಅಚ್ಚಿಗೆ ತಂದರು. ಅವರಿಗೆ ಕನ್ನಡ ಎಂದೂ ಋಣಿ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' 1907ರಿಂದ 1929ರ ನಡುವೆ ಮೂರು ಸಂಪುಟಗಳಲ್ಲಿ ಬಂತು. ಹೆಸರಿದ್ದ, ಕಾಲವಿದ್ದ, ಪೂರ್ಣವಾಗಿದ್ದ ಪ್ರತಿಗಳು ಮುಂದೆ ಬಂದವು. ಅರಮನೆಯ ಪ್ರತಿಗಳಿಗೆ ಆ ಮೂರೂ ಇದ್ದವು. ಮೊದಲ ಗರಿ ಮುರಿದ, ತೆಲುಗು ಲಿಪಿಯ, ಪಾಪನಪಲ್ಲಿಯೋ ಮುಳುವಾಯಿಯೋ ಎಂದು ಸಹಿಯಿದ್ದ ಪ್ರತಿ ಹಿಂದೆ ಉಳಿಯಿತು. ಇದೇ ಸೀಮೆ 20ನೆಯ ಶತಮಾನದಲ್ಲಿ ಮುಳಬಾಗಿಲಿನಿಂದ ಡಿ. ವಿ. ಗುಂಡಪ್ಪನವರನ್ನೂ ಮಾಲೂರು ತಾಲ್ಲೂಕಿನಿಂದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ ಕೊಟ್ಟಿತು. ಮಾಸ್ತಿಯವರು ತಮ್ಮ ಪುಸ್ತಕಗಳನ್ನು ತಾವೇ ಹೊರತಂದು 'ಜೀವನ' ಪತ್ರಿಕೆ ನಡೆಸಿದರು. ಡಿ.ವಿ.ಜಿ. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಗಮಕ ಕಲೆಗೆ ಅಲ್ಲಿ ನೆಲೆ ಕಲ್ಪಿಸಿದರು. ಒಬ್ಬರು ಅಚ್ಚಿನ ದಾರಿ, ಇನ್ನೊಬ್ಬರು ಬಾಯಿಯ ದಾರಿ. ಎರಡೂ ಈ ಮಣ್ಣಿಗೆ ಹಳೆಯವೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ, ದೇವರ ಮನೆಯ ಪೆಟ್ಟಿಗೆಯಲ್ಲಿ, ಹಳೆಯ ಶಾನುಭೋಗರ ಮನೆಯ ಗೂಡಿನಲ್ಲಿ ಓಲೆಯ ಕಟ್ಟೋ ಕಡತವೋ ಇದ್ದರೆ ಅದನ್ನು ನೀರಿಗೆ ಬಿಡಬೇಡಿ. ಆಯುಧಪೂಜೆಗೆ ಅದರ ಮೇಲೆ ಅರಿಶಿನ, ಕುಂಕುಮ ಸುರಿಯಬೇಡಿ. ಬಿಸಿಲಿಗೆ ಒಣಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ದಾರ ಬಿಚ್ಚಿ ಗರಿಗಳ ಕ್ರಮ ತಪ್ಪಿಸಬೇಡಿ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಯಾವ ಊರಿನ ಯಾವ ಮನೆಯದು ಎಂದು ಒಂದು ಚೀಟಿ ಬರೆದಿಡಿ. ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ತಿಳಿಸಿ. ಕಟ್ಟನ್ನು ಕೊಡಲು ಮನಸ್ಸಿಲ್ಲದಿದ್ದರೆ ಚಿಂತೆಯಿಲ್ಲ, ಮೊದಲ ಮತ್ತು ಕೊನೆಯ ಗರಿಯ ಎರಡೂ ಮಗ್ಗುಲಿನ ಫೋಟೋ ಕೊಟ್ಟರೂ ಆದೀತು. ಸಂವತ್ಸರದ ಹೆಸರು ಇರುವುದು ಅಲ್ಲಿಯೇ.